ಓದುಗರ ಪ್ರಶ್ನೆ: ಹಳೇ ಶಕ್ತಿಮಾನ್ ಲಾರಿಗೆ ಆರೂ ನೋಜಲ್ ಬದಲಾಯಿಸ್ಬೇಕಾ?

ಪ್ರಶ್ನೆ: ನಮಸ್ಕಾರ ಸರ್, ನಮ್ದು ಮಧುಗಿರಿ ಹತ್ರ ಹಳ್ಳಿ. ನಮ್ಮ ಮಾವ ಮಿಲಿಟರಿ ಹರಾಜಲ್ಲಿ ಹಿಡಿದಿದ್ದ ಶಕ್ತಿಮಾನ್ ಲಾರಿ ವರ್ಷಗಟ್ಟಲೆ ಶೆಡ್ಡಲ್ಲೇ ನಿಂತಿತ್ತು, ಈಗ ಎಬ್ಬಿಸಿ ತೋಟದೊಳಗೆ ಗೊಬ್ಬರ, ತೆಂಗಿನಕಾಯಿ ಸಾಗಿಸ್ತಾ ಇದೀನಿ. ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಕಣ್ಣು ಉರಿಯೋ ಹಂಗೆ ಬಿಳಿ ಹೊಗೆ, ಐಡ್ಲಲ್ಲಿ (ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡ್ತಿರುವಾಗ) ಟಕ್ ಟಕ್ ಅಂತ ಹೊಡಿತದೆ, ಬಿಸಿಯಾದ್ಮೇಲೆ ಹೊಗೆ ಕಮ್ಮಿ ಆಗತ್ತೆ ಆದ್ರೆ ಹೊಡೆತ ಹೋಗಲ್ಲ. ತುಮಕೂರಲ್ಲಿ ತೋರಿಸಿದ್ರೆ ಆರೂ ನೋಜಲ್ ಹೊಸ್ದು ಹಾಕ್ಬಿಡಿ ಅಂತಾರೆ. ಹಾಕಿಸ್ಲಾ?

ಉತ್ತರ: ಈಗಲೇ ಬೇಡ. ಟೆಸ್ಟ್ ಮಾಡಿಸದೆ ಒಂದು ನೋಜಲ್ ಕೂಡ ಬಿಸಾಕ್ಬೇಡಿ. (ಸಿಲಿಂಡರ್ ಒಳಗೆ ಡೀಸೆಲ್ ಸ್ಪ್ರೇ ಮಾಡೋದು ಇಂಜೆಕ್ಟರ್, ಅದರ ತುದಿಯೇ ನೋಜಲ್.)

ಮೊದ್ಲು ನಿಮ್ಮ ಇಂಜಿನ್ ಎಂಥದ್ದು ಅಂತ ತಿಳ್ಕೊಳಿ. ಶಕ್ತಿಮಾನ್ ಅಂದ್ರೆ ಜರ್ಮನಿಯ ಮ್ಯಾನ್ ಕಂಪನಿ ಲೈಸೆನ್ಸಲ್ಲಿ ಜಬಲ್ಪುರದಲ್ಲಿ ಮಾಡ್ತಿದ್ದ ಗಾಡಿ, ಆರು ಸಿಲಿಂಡರ್, ಮ್ಯಾನ್‌ನವರ ಎಂ ಸಿಸ್ಟಂ. ಬೇರೆ ಲಾರಿ ಇಂಜಿನಲ್ಲಿ ಡೀಸೆಲ್ ಗಾಳಿ ಒಳಗೆ ಚದುರಿ ಉರಿಯತ್ತೆ, ಇದ್ರಲ್ಲಿ ಪಿಸ್ಟನ್ ತಲೆಯಲ್ಲಿ ದುಂಡಗಿನ ಗುಂಡಿ ಇರತ್ತೆ, ಕಾದ ಹೆಂಚಿಗೆ ದೋಸೆ ಹಿಟ್ಟು ಸವರಿದ ಹಾಗೆ ಆ ಗುಂಡಿ ಗೋಡೆಗೆ ಡೀಸೆಲ್ ಬಳಿದು, ಅಲ್ಲಿಂದ ಆವಿಯಾಗಿ ಉರಿಯೋದು. ಗೋಡೆ ತಣ್ಣಗಿದ್ರೆ ಸರಿಯಾಗಿ ಉರಿಯಲ್ಲ, ಅದಕ್ಕೇ ಚಳಿ ಬೆಳಗ್ಗೆ ಸ್ವಲ್ಪ ಬಿಳಿ ಹೊಗೆ ಈ ಇಂಜಿನ್‌ನ ಗುಣ, ಗಾಬರಿ ಬೇಡ. ಆದ್ರೆ ಸರಿ ಇರೋ ಎಂ ಸಿಸ್ಟಂ ಇಂಜಿನ್ ಬೇರೆ ಡೀಸೆಲ್‌ಗಳಿಗಿಂತ ಮೆತ್ತಗೆ ಓಡತ್ತೆ, ಹಾಗಾಗಿ ಬಿಸಿಯಾದ್ಮೇಲೂ ಹೊಡಿತಿದೆ ಅಂದ್ರೆ ಎಲ್ಲೋ ಒಂದು ಸಿಲಿಂಡರಲ್ಲಿ ತಕರಾರಿದೆ.

ಯಾವ್ದು ಅಂತ ನೀವೇ ಹುಡುಕ್ಬಹುದು. ಐಡ್ಲಲ್ಲಿ ಬಿಟ್ಟು, ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸ್ವಲ್ಪ ಸಡಿಲ ಮಾಡಿ, ಕೈ ಮುಖ ದೂರ ಇಟ್ಕೊಂಡು, ಹೊರಗೆ ಬರೋ ಡೀಸೆಲ್ಲಿಗೆ ಬಟ್ಟೆ ಅಡ್ಡ ಇಟ್ಟು. ಸಡಿಲ ಮಾಡ್ದಾಗ ಇಂಜಿನ್ ಕುಗ್ಗಿದ್ರೆ ಆ ಸಿಲಿಂಡರ್ ಕೆಲಸ ಮಾಡ್ತಿದೆ, ಏನೂ ವ್ಯತ್ಯಾಸ ಆಗ್ಲಿಲ್ಲ ಅಥವಾ ಹೊಡೆತವೇ ನಿಂತ್ಹೋಯ್ತು ಅಂದ್ರೆ ಸಿಕ್ತು. (ಇದು ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಎಲಿಮೆಂಟ್, ಅಂದ್ರೆ ಡೀಸೆಲ್ ತಳ್ಳೋ ಪುಟ್ಟ ಪಿಸ್ಟನ್, ಇರೋ ಹಳೇ ಇನ್‌ಲೈನ್ ಪಂಪಿಗೆ ಮಾತ್ರ. ಎಲ್ಲಾ ಇಂಜೆಕ್ಟರಿಗೂ ಒಂದೇ ಪೈಪಿಂದ ಡೀಸೆಲ್ ಹೋಗೋ ಹೊಸ ಕಾಮನ್ ರೈಲ್ ಗಾಡಿಯಲ್ಲಿ ಸಾವಿರಕ್ಕೂ ಮೀರಿದ ಬಾರ್ ಪ್ರೆಶರ್ ಇರತ್ತೆ, ಅಲ್ಲಿ ಅಪ್ಪಿತಪ್ಪಿಯೂ ನಟ್ ಮುಟ್ಬೇಡಿ.) ಆಮೇಲೆ ಆ ಇಂಜೆಕ್ಟರನ್ನ ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ಹೊಡೆತ ಅದರ ಜೊತೆಗೇ ಹೋದ್ರೆ ತಪ್ಪು ಇಂಜೆಕ್ಟರದ್ದು, ಹಳೇ ಜಾಗದಲ್ಲೇ ಉಳಿದ್ರೆ ವಾಲ್ವ್ ಗ್ಯಾಪ್, ಕಂಪ್ರೆಶನ್ (ಸಿಲಿಂಡರ್ ಗಾಳಿಯನ್ನ ಎಷ್ಟು ಒತ್ತತ್ತೆ ಅನ್ನೋದು) ನೋಡಿಸ್ಬೇಕು, ನೋಜಲ್ಲಿಗೆ ದುಡ್ಡು ಹಾಕಿದ್ರೆ ಅದು ದಂಡ.

ಬಿಚ್ಚೋ ಮುಂಚೆ ಸುತ್ತ ಮಣ್ಣು ತೊಳೀರಿ, ಬಿಚ್ಚಿದ ತಕ್ಷಣ ಪೈಪಿನ ಬಾಯಿಗಳಿಗೆ ಕ್ಯಾಪ್ ಹಾಕಿ. ನೋಜಲ್ ಬಾಡಿ, ಅದರೊಳಗಿನ ಸೂಜಿ, ಇವೆರಡಕ್ಕೂ ನಡುವೆ ಇರೋ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗ ಅಷ್ಟೇ, ನಮ್ಮ ಕಡೆ ಧೂಳಿನ ಒಂದು ಕಣ ಸಾಕು ಅದು ಹಿಡ್ಕೊಳೋಕೆ. ಒಂದರ ಸೂಜಿ ಇನ್ನೊಂದಕ್ಕೆ ಹಾಕೋ ಹಾಗೇ ಇಲ್ಲ, ಜೋಡಿ ಮಾಡಿ ಉಜ್ಜಿರೋದು.

ಇನ್ನು ಟೆಸ್ಟು. ಡೀಸೆಲ್ ಪಂಪ್ ಶಾಪಲ್ಲಿ ಕೈಯಲ್ಲಿ ಒತ್ತೋ ಟೆಸ್ಟರ್ ಇರತ್ತೆ, ನೀವು ಪಕ್ಕದಲ್ಲೇ ನಿಂತು ನೋಡಿ. ಎಷ್ಟು ಪ್ರೆಶರಿಗೆ ಬಾಯಿ ಬಿಡತ್ತೆ ಅನ್ನೋದು ಮೊದಲ್ನೇದು, ಅದು ನಿಮ್ಮ ಇಂಜಿನ್ ಮ್ಯಾನ್ಯುಯಲಲ್ಲಿ ಇರೋದಕ್ಕೆ ತಾಳೆ ಆಗ್ಬೇಕು, ಆರೂ ಹತ್ತಿರ ಹತ್ತಿರ ಇರ್ಬೇಕು, ಕಮ್ಮಿ ಇದ್ರೆ ಸ್ಪ್ರಿಂಗ್ ಹಿಂದೆ ಶಿಮ್ (ತೆಳು ಬಿಲ್ಲೆ) ಹಾಕಿ ಇಲ್ಲಾ ಸ್ಕ್ರೂ ತಿರುಗಿಸಿ ಸರಿ ಮಾಡ್ತಾರೆ. ಅದಕ್ಕಿಂತ ಮುಖ್ಯ ತೊಟ್ಟಿಕ್ಕೋದು. ಬಾಯಿ ಬಿಡೋ ಪ್ರೆಶರಿಗಿಂತ ಸುಮಾರು 20 ಬಾರ್ ಕಮ್ಮಿಯಲ್ಲಿ 10 ಸೆಕೆಂಡ್ ಹಿಡೀಲಿ, ತುದಿಯಲ್ಲಿ ಹನಿ ಬೀಳಬಾರ್ದು. ಹನಿ ಬಿದ್ರೆ ಆ ಡೀಸೆಲ್ ಹೊತ್ತಲ್ಲದ ಹೊತ್ತಲ್ಲಿ ಒಳಗೆ ಸೋರತ್ತೆ, ನಿಮ್ಮ ಹೊಡೆತಕ್ಕೆ ಬಹುಶಃ ಅದೇ ಕಾರಣ. ಲಿವರ್ ಒತ್ತುವಾಗ ಕರ್ರ್ ಕರ್ರ್ ಅಂತ ಸದ್ದು ಬಂದ್ರೆ ಸೂಜಿ ಚೆನ್ನಾಗಿ ಆಡ್ತಿದೆ ಅಂತ. ಎಷ್ಟೋ ನೋಜಲ್ ಬರೀ ಮಸಿ ಕಟ್ಟಿರತ್ತೆ, ಹಿತ್ತಾಳೆ ಬ್ರಷ್ಷಲ್ಲಿ ಉಜ್ಜಿ, ರಂಧ್ರಕ್ಕೆ ಅದರದ್ದೇ ಅಳತೆಯ ಸಣ್ಣ ತಂತಿ ಹಾಕಿ ಕ್ಲೀನ್ ಮಾಡಿದ್ರೆ ಮತ್ತೆ ಸರಿ ಹೋಗತ್ತೆ. ಕಬ್ಬಿಣದ ಬ್ರಷ್, ಎಮರಿ ಪೇಪರ್ ಯಾರಾದ್ರೂ ತೆಗೆದ್ರೆ ಕೈ ಹಿಡೀರಿ.

ದಯವಿಟ್ಟು ಒಂದು ಮಾತು ಕೇಳಿ, ಆ ಸ್ಪ್ರೇ ಮುಂದೆ ಬೆರಳು ಹಿಡೀಬೇಡಿ. ಚರ್ಮ ತೂರಿ ಒಳಗೆ ಹೋಗತ್ತೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣತ್ತೆ, ಮೊದ್ಲು ನೋವೂ ಅಷ್ಟಾಗಿ ಇರದೇ ಇರಬಹುದು, ಒಳಗೆ ಬೆರಳೇ ಕೊಳೆಯತ್ತೆ. ಹಾಗೇನಾದ್ರೂ ಆದ್ರೆ ಮನೆಗೆ ಹೋಗ್ಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ ಡೀಸೆಲ್ ಒಳಗೆ ಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಿ.

ಕೊನೆಗೂ ಹೊಸ್ದೇ ಬೇಕಾದ್ರೆ ಹಳೇದರ ಮೇಲೆ ಕೆತ್ತಿರೋ ನಂಬರ್ ಬರ್ಕೊಂಡ್ಹೋಗಿ ಅದೇ ನಂಬರ್ ತಗೊಳಿ. ಹಳಬರು ಈಗ್ಲೂ ಮೈಕೋ ನೋಜಲ್ ಅಂತಾರಲ್ಲ, 1951ರಲ್ಲಿ ಶುರುವಾದ ಆ ಕಂಪನಿನೇ 2008ರಿಂದ ಬಾಷ್ ಲಿಮಿಟೆಡ್. ನೋಡೋಕೆ ಒಂದೇ ಥರ ಇದೆ ಅಂತ ಬೇರೆ ಲಾರಿದು ಕೂರಿಸಿದ್ರೆ ಸ್ಪ್ರೇ ಗೋಡೆಗೆ ಬೀಳ್ಬೇಕಾದ ಕಡೆ ಬೀಳಲ್ಲ, ಎಂ ಸಿಸ್ಟಂನ ಅರ್ಥವೇ ಹೋಯ್ತು. ಕೆಳಗಿನ ತಾಮ್ರದ ವಾಷರ್ ಹೊಸ್ದು ಹಾಕಿ, ಹಳೇದು ಇಂಜೆಕ್ಟರ್ ಕೂರೋ ತೂತಿನ ತಳದಲ್ಲೇ ಅಂಟಿರತ್ತೆ, ಅದನ್ನ ತೆಗೀದೆ ಮೇಲೆ ಇನ್ನೊಂದು ಹಾಕಿದ್ರೆ ನೋಜಲ್ ತುದಿ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ನಿಲ್ಲತ್ತೆ.

ಇಷ್ಟೆಲ್ಲಾ ಮಾಡೋ ಮುಂಚೆ ಟ್ಯಾಂಕ್ ಇಳಿಸಿ ತೊಳೆಸಿ, ಫಿಲ್ಟರ್ ಬದಲಾಯಿಸಿ. ವರ್ಷಗಟ್ಟಲೆ ನಿಂತ ಟ್ಯಾಂಕಲ್ಲಿ ನೀರು, ತುಕ್ಕು ಇದ್ದೇ ಇರತ್ತೆ, ಅದನ್ನ ಬಿಟ್ಟು ಹೊಸ ನೋಜಲ್ ಹಾಕಿದ್ರೆ ಅದೂ ಹಾಳು.

ಪ್ರಶ್ನೆ: ಶಕ್ತಿಮಾನ್ ಮಲ್ಟಿಫ್ಯುಯಲ್ ಇಂಜಿನ್ ಅಲ್ವಾ ಸರ್, ಸೀಮೆಎಣ್ಣೆ ಬೆರೆಸಿ ಓಡಿಸ್ಬಹುದಾ? (ಶಿರಾದಿಂದ ಒಬ್ಬರು)

ಉತ್ತರ: ಮಲ್ಟಿಫ್ಯುಯಲ್ ಅನ್ನೋದೇ ಯುದ್ಧದ ಹೊತ್ತಲ್ಲಿ ಸಿಕ್ಕಿದ ಇಂಧನದಲ್ಲಿ ಓಡ್ಲಿ ಅಂತ ಮಾಡೋ ಸೌಲಭ್ಯ, ದಿನಾ ಉಳಿತಾಯಕ್ಕಲ್ಲ. ಪಂಪಿನ ಎಲಿಮೆಂಟಿಗೆ, ನೋಜಲ್ ಸೂಜಿಗೆ ಜಾರಿಕೆ ಕೊಡೋದು ಡೀಸೆಲ್ಲೇ, ಸೀಮೆಎಣ್ಣೆಯಲ್ಲಿ ಆ ಜಿಡ್ಡು ಕಮ್ಮಿ, ಎರಡೂ ಬೇಗ ಸವೆಯತ್ತೆ. ಬೆರೆಸ್ಬೇಡಿ.