ನಾವೂ ಒಂದು ಸೇನಾ ಕೂಟ ಸೇರಬೇಕೇ?

ಗೋಕಾಕದ ನಿವೃತ್ತ ಸುಬೇದಾರರೊಬ್ಬರ ಪತ್ರ ಬಂದಿದೆ. ‘ಸೋವಿಯತ್ ಒಕ್ಕೂಟವೇ ಹೋದ ಮೇಲೆ ನ್ಯಾಟೋ ಯಾಕೆ ಉಳಿಯಿತು? ನಾವೂ ಅಂಥದ್ದೊಂದು ಕೂಟ ಸೇರಿದರೆ ಗಡಿ ಗಟ್ಟಿಯಾಗುತ್ತದೆ, ಅಲ್ವಾ?’ ಎಂದು ಕೇಳಿದ್ದಾರೆ.

ಸುಬೇದಾರ ಸಾಹೇಬರೇ, ನಮಸ್ಕಾರ.

1991ರಲ್ಲಿ ಸೋವಿಯತ್ ಬಣದ ಸೇನಾ ಕೂಟವಾದ ವಾರ್ಸಾ ಕೂಟ ಮುಗಿದೇ ಹೋಯಿತು. ಅಮೆರಿಕ ಮತ್ತು ಅದರ ಮಿತ್ರರ ಕೂಟವಾದ ನ್ಯಾಟೋ ಉಳಿದದ್ದು ಬರೀ ಕಾಗದದ ಬಲದಿಂದಲ್ಲ. ಕಾಗದ ಆಗ್ನೇಯ ಏಷ್ಯಾಕ್ಕೆಂದು ಮಾಡಿದ ಸೇನಾ ಕೂಟ ಸಿಯಾಟೋಗೂ ಇತ್ತು. 1954ರಲ್ಲಿ ಹುಟ್ಟಿದ ಆ ಕೂಟಕ್ಕೆ ತನ್ನದೆಂಬ ಪಡೆ ಇರಲಿಲ್ಲ. ಪಾಕಿಸ್ತಾನ ಅದರ ಸದಸ್ಯ. ಆದರೂ ನಮ್ಮ ಜೊತೆಗಿನ ಯುದ್ಧಗಳಲ್ಲಿ, 1965ರಲ್ಲಾಗಲಿ 1971ರಲ್ಲಾಗಲಿ, ಕೂಟ ಅದರ ನೆರವಿಗೆ ಬರಲಿಲ್ಲ. 1977ರಲ್ಲಿ ಬಾಗಿಲು ಮುಚ್ಚಿತು.

ನ್ಯಾಟೋದಲ್ಲಿ ದಿನನಿತ್ಯದ ಕೆಲಸವೇ ಒಟ್ಟಿಗೆ ನಡೆಯುತ್ತದೆ. ಜಂಟಿ ಕಮಾಂಡ್ ಇದೆ, ಮದ್ದುಗುಂಡಿಗೆ ಒಂದೇ ಅಳತೆ ಇದೆ. ಫಿರಂಗಿ ಶೆಲ್ಲಿನ ಮಹತ್ವ ನಿಮಗೆ ನಾನು ಹೇಳಬೇಕಿಲ್ಲ. 2022ರ ನಂತರ ಯುಕ್ರೇನಿಗೆ ಹಲವು ದೇಶಗಳಿಂದ ಫಿರಂಗಿ ಬಂದವು, ಬೇರೆ ಬೇರೆ ಕಾರ್ಖಾನೆಗಳಿಂದ ಶೆಲ್ ಬಂದವು. ಅಳತೆ 155 ಮಿ.ಮೀ. ಅಂತ ಮೊದಲೇ ನಿಗದಿಯಾಗಿತ್ತು. ಅಲ್ಲಲ್ಲಿ ತೊಂದರೆಯಾದರೂ ಕೆಲಸ ನಿಲ್ಲಲಿಲ್ಲ.

ಆದರೆ ಒಟ್ಟಿಗೆ ಕೆಲಸ ಮಾಡಿದರಷ್ಟೇ ಸಾಲದು, ಭಯವೂ ಒಂದೇ ಆಗಿರಬೇಕು. ರಷ್ಯಾದ ಜೊತೆ 1,300 ಕಿ.ಮೀ.ಗೂ ಜಾಸ್ತಿ ಗಡಿ ಇರುವ ಫಿನ್ಲೆಂಡ್ ದಶಕಗಳ ಕಾಲ ನ್ಯಾಟೋದಿಂದ ಹೊರಗೇ ಇತ್ತು. ಯುಕ್ರೇನಿನ ಸ್ಥಿತಿ ನೋಡಿ 2023ರಲ್ಲಿ ಸೇರಿತು. ಮರುವರ್ಷ ಸ್ವೀಡನ್ ಕೂಡ ಸೇರಿತು.

ನಮ್ಮ ಬೆಳಗಾವಿಯನ್ನೇ ನೋಡಿ. 2008ರ ಡಿಸೆಂಬರಿನಲ್ಲಿ ಚೀನಾದ ಸೈನಿಕರು ‘ಹ್ಯಾಂಡ್ ಇನ್ ಹ್ಯಾಂಡ್’ ಸಮರಾಭ್ಯಾಸಕ್ಕೆ ಇಲ್ಲಿಗೆ ಬಂದಿದ್ದರು. 2020ರಲ್ಲಿ ಲಡಾಖಿನ ಗಲ್ವಾನಿನಲ್ಲಿ ಅದೇ ಚೀನಾದ ಸೇನೆಯ ಎದುರು ನಮ್ಮ 20 ಯೋಧರು ಪ್ರಾಣ ಕೊಟ್ಟರು. 2022ರಲ್ಲಿ ‘ಧರ್ಮ ಗಾರ್ಡಿಯನ್’ ಅಂತ ಜಪಾನಿನವರು ಬಂದರು. ಕಾಡಿನಲ್ಲಿ, ಊರೊಳಗೆ ಕಾರ್ಯಾಚರಣೆ ಮಾಡುವುದನ್ನು ನಮ್ಮವರ ಜೊತೆ ಅಭ್ಯಾಸ ಮಾಡಿದರು. ಚೀನಾದ ಬಗ್ಗೆ ಇಬ್ಬರಿಗೂ ಇರುವ ಆತಂಕ ಒಂದೇ. ಹಾಗಾಗಿ ಈ ಅಭ್ಯಾಸಕ್ಕೆ ಬೆಲೆ ಇದೆ.

ಹಾಗಂತ ಕೂಟ ಸೇರಬೇಕೇ? ಬೇಡ ಅನ್ನುತ್ತೇನೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ನ್ಯಾಟೋದ 5ನೇ ವಿಧಿ ಬಳಕೆಯಾದದ್ದು ಒಮ್ಮೆ ಮಾತ್ರ, 2001ರಲ್ಲಿ, ಅಮೆರಿಕಕ್ಕಾಗಿ. ಆಮೇಲೆ ಡೆನ್ಮಾರ್ಕ್, ಎಸ್ಟೋನಿಯಾದಂಥ ಪುಟ್ಟ ದೇಶಗಳ ಹುಡುಗರೂ ಅಫ್ಘಾನಿಸ್ತಾನದಲ್ಲಿ ಜೀವ ತೆತ್ತರು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಂದ ಮಕ್ಕಳು ಮಿಲಿಟರಿಗೆ ಹೋಗಿದ್ದಾರೆ. ಯಾರದೋ ಜಗಳಕ್ಕೆ ಅವರನ್ನು ಕಳಿಸುವ ಸಹಿ ನಾವು ಹಾಕಬಾರದು.

1971ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದ ನನಗೆ ಈಗಲೂ ಹಿಡಿಸುತ್ತದೆ. ದಾಳಿಯ ಭೀತಿ ಬಂದರೆ ಕೂಡಲೇ ಕೂತು ಮಾತಾಡೋಣ ಎಂದಿತ್ತೇ ಹೊರತು ಯುದ್ಧಕ್ಕೆ ಇಳಿಯಲೇಬೇಕು ಎಂದಿರಲಿಲ್ಲ. 2016ರಲ್ಲಿ ಅಮೆರಿಕದ ಜೊತೆ ಆದದ್ದೂ ಇಂಧನ, ರಿಪೇರಿ, ಸಾಮಗ್ರಿಗಳ ಒಪ್ಪಂದ. ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಜೊತೆ ನಾವಿರುವ ಕ್ವಾಡ್‌ ಗುಂಪಿನಲ್ಲೂ ನಾವು ಇದಕ್ಕಿಂತ ಮುಂದೆ ಹೋಗುವುದು ಬೇಡ.