ಓದುಗರ ಪ್ರಶ್ನೆ, ವಚನದ ಬೆಳಕು: ಕೂಡಿ ದುಡಿಯುವಲ್ಲಿ ನ್ಯಾಯ

ಪ್ರಶ್ನೆ: ನಾವು ಐವರು ವಿಶ್ವಾಸಿಗಳು ಸೇರಿ ಒಂದು ಸೇವಾಕಾರ್ಯವನ್ನು ವಹಿಸಿಕೊಂಡಿದ್ದೇವೆ. ನಮ್ಮಲ್ಲೊಬ್ಬರು ಒಪ್ಪಿಕೊಂಡ ಕೆಲಸವನ್ನು ಪದೇ ಪದೇ ಅರ್ಧಕ್ಕೇ ಬಿಡುತ್ತಾರೆ, ಉಳಿದವರು ಅದನ್ನು ಮುಗಿಸಬೇಕಾಗುತ್ತದೆ. ಮಾತೆತ್ತಿದರೆ, ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂದು ಬೈಬಲಿನ ವಚನವೇ ಹೇಳುತ್ತದಲ್ಲವೇ ಎನ್ನುತ್ತಾರೆ. ಸುಮ್ಮನೆ ಸಹಿಸಿಕೊಳ್ಳುವುದೇ ಪ್ರೀತಿಯೇ?

ಉತ್ತರ: ಅವರು ಹೇಳುವ ಮಾತು ಅಪೊಸ್ತಲನಾದ ಪೌಲನು ಗಲಾತ್ಯದ ಸಭೆಗಳವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದ ಎರಡನೆಯ ವಚನದಲ್ಲಿದೆ, ನಿಜ. ಆದರೆ ಮೂರೇ ವಚನಗಳ ನಂತರ ಅದೇ ಪೌಲನು, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂದೂ ಬರೆದಿದ್ದಾನೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ವಚನಕ್ಕೆ ಮಾಡುವ ನ್ಯಾಯವಲ್ಲ.

ಆದರೂ ನಿಮ್ಮ ಸಂಗಡಿಗರನ್ನು ಪ್ರಶ್ನಿಸುವ ಮೊದಲು, ಅವರಿಗೆ ಆಗುತ್ತಿಲ್ಲವೋ ಅಥವಾ ಮಾಡುವ ಮನಸ್ಸಿಲ್ಲವೋ ಎಂಬುದನ್ನು ತಿಳಿದುಕೊಳ್ಳಿರೆಂದು ನಾನು ಕೇಳಿಕೊಳ್ಳುತ್ತೇನೆ; ಬೈಬಲು ಈ ಎರಡನ್ನೂ ಒಂದೇ ರೀತಿ ನೋಡುವುದಿಲ್ಲ. ಸಮುವೇಲನ ಒಂದನೆಯ ಗ್ರಂಥದ ಮೂವತ್ತನೆಯ ಅಧ್ಯಾಯದಲ್ಲಿ, ತಮ್ಮ ಊರನ್ನು ಸೂರೆಮಾಡಿ ಹೆಂಡಿರು ಮಕ್ಕಳನ್ನು ಸೆರೆಯೊಯ್ದ ಅಮಾಲೇಕ್ಯರನ್ನು ಬೆನ್ನಟ್ಟಿ ಹೊರಟ ದಾವೀದನ 600 ಮಂದಿಯಲ್ಲಿ 200 ಮಂದಿ ಬಹಳವಾಗಿ ದಣಿದು ಬೆಸೋರ್ ಹಳ್ಳವನ್ನು ದಾಟಲಾರದೆ ಸಾಮಾನಿನ ಬಳಿ ಉಳಿದರು. ಗೆದ್ದು ಬಂದವರಲ್ಲಿ ಕೆಲವರು, ತಾವು ಬಿಡಿಸಿ ತಂದ ಸೊತ್ತಿನಲ್ಲಿ ಇವರಿಗೆ ಪಾಲಿಲ್ಲ, ಹೆಂಡಿರು ಮಕ್ಕಳನ್ನು ಮಾತ್ರ ಕರೆದುಕೊಂಡು ಹೋಗಲಿ ಎಂದು ವಾದಿಸಿದಾಗ, ದಾವೀದನು ಅದನ್ನು ಒಪ್ಪದೆ, ಯುದ್ಧಕ್ಕೆ ಹೋದವನಿಗೂ ಸಾಮಾನು ಕಾದವನಿಗೂ ಸಮಪಾಲು ಎಂದು ತೀರ್ಪು ಕೊಟ್ಟನು. ಅಂದಿನಿಂದ ಅದೇ ನಿಯಮವಾಯಿತು. ದಣಿದವನಿಗೆ ಅವನ ಕೈಲಾಗುವ ಕೆಲಸವಿರಲಿ, ಮರ್ಯಾದೆಯಲ್ಲಿ ಕಡಿತ ಬೇಡ.

ಇದಕ್ಕೆ ತೀರ ಬೇರೆಯಾದದ್ದು ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯ. ಯೆರೂಸಲೇಮಿನ ಗೋಡೆಯ ಯಾವ ಭಾಗವನ್ನು ಯಾರು ಕಟ್ಟಿದರೆಂದು ಅಲ್ಲಿ ಹೆಸರು ಹೆಸರಾಗಿ ಬರೆದಿಟ್ಟಿದ್ದಾರೆ. ತೆಕೋವ ಎಂಬ ಊರಿನವರು ತಮ್ಮ ಪಾಲನ್ನು ಕಟ್ಟಿದರು, ಮುಂದೆ ಇನ್ನೂ ಒಂದು ಭಾಗವನ್ನು ಜೀರ್ಣೋದ್ಧಾರ ಮಾಡಿದರು. ಅವರ ಶ್ರೀಮಂತರು ಮಾತ್ರ ಆ ಸೇವೆಗೆ ಹೆಗಲು ಕೊಡಲಿಲ್ಲ. ಗ್ರಂಥಕರ್ತನು ಅದನ್ನು ಮುಚ್ಚಿಡಲಿಲ್ಲವೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಇನ್ನೊಬ್ಬರ ಅಲಕ್ಷ್ಯವನ್ನು ನಿಮ್ಮ ದುಡಿಮೆಯಿಂದ ಮರೆಮಾಡುತ್ತಲೇ ಇದ್ದರೆ, ಅವರಿಗೆ ತಿದ್ದಿಕೊಳ್ಳುವ ಅವಕಾಶವೇ ಸಿಗುವುದಿಲ್ಲ, ನಿಮ್ಮೊಳಗೂ ಕಹಿ ಬೆಳೆಯುತ್ತದೆ.

ಆದುದರಿಂದ ಮಾತನಾಡಿರಿ, ಆದರೆ ನಾಲ್ವರೂ ಸೇರಿ ಸುತ್ತುವರಿಯಬೇಡಿರಿ. ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸು ತೋರಿಸಿದ ಕ್ರಮದಂತೆ, ಮೊದಲು ಒಬ್ಬರೇ ಹೋಗಿ, ಇಬ್ಬರೇ ಇರುವಾಗ ವಿಷಯವನ್ನು ತಿಳಿಸಿರಿ. ಕೇಳದಿದ್ದರೆ ಮಾತ್ರ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗಿರಿ. ಕೆಲಸದ ಹಂಚಿಕೆಯೇ ತಪ್ಪಾಗಿದೆಯೆಂದು ಆಗ ತಿಳಿದುಬಂದರೆ ಹಂಚಿಕೆಯನ್ನು ಬದಲಿಸಿರಿ. ಬೆಳಗಿನಿಂದ ಸಾಯಂಕಾಲದವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಅವನ ಮಾವ ಇತ್ರೋವನು ಕೊಟ್ಟ ಬುದ್ಧಿವಾದವೂ ಇದೇ ಆಗಿತ್ತು.

ಪ್ರಶ್ನೆ: ಸಂಘದ ಹಣದ ಲೆಕ್ಕ ಕೇಳಿದ್ದಕ್ಕೆ, ನಂಬಿಕೆಯಿಲ್ಲವೇ ಎಂದು ಹಿರಿಯರೊಬ್ಬರು ನೊಂದುಕೊಂಡರು. ಕೇಳಿದ್ದು ತಪ್ಪೇ?

ಉತ್ತರ: ತಪ್ಪಲ್ಲ. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣವನ್ನು ಒಯ್ಯುವಾಗ ಪೌಲನು ಅದನ್ನು ತನ್ನೊಬ್ಬನ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ಸಭೆಗಳು ಆರಿಸಿದ ಸಹೋದರನೊಬ್ಬನು ಜೊತೆಗಿದ್ದನು. ಯಾರೂ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಸರಿಯಾದದ್ದನ್ನೇ ಮಾಡಬೇಕು ಎಂಬುದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ಅವನು ಕೊಡುವ ಕಾರಣ. ಅಪೊಸ್ತಲನೇ ತನಗೆ ಬೇಕೆಂದುಕೊಂಡ ಏರ್ಪಾಡು ಆ ಹಿರಿಯರಿಗೂ ರಕ್ಷಣೆಯೇ ಎಂಬುದನ್ನು ವಿನಯದಿಂದ ತಿಳಿಸಿರಿ. ಮುಂದಿನ ಸಲದಿಂದ ಹಣ ಎಣಿಸುವಾಗ ಇಬ್ಬರು ಇರಲಿ, ಇಬ್ಬರೂ ಸಹಿ ಹಾಕಲಿ.