ಹಸಿರು ಯೋಧರು ಬೇಡ, ಕೋರ್ಟ್ ಫೀ ಬಗ್ಗೆ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ‘ಡ್ರ್ಯಾಗನ್ ನಾಡಿನ ಹಸಿರು ಯೋಧರು’ ಓದಿದೆ. ಚೀನಾದ ಪರಿಸರ ಸಂಘಟನೆಗಳು ಮೂವತ್ತು ವರ್ಷಗಳಲ್ಲಿ ಏನೇನು ಮಾಡಿದವು ಅನ್ನೋದನ್ನು ಹತ್ತು ಪುಟದಲ್ಲಿ ಹೇಳಲು ಹೊರಟಿದ್ದೀರಿ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ವಿಷಾದದೊಂದಿಗೆ ಹಿಂತಿರುಗಿಸಲಾಗಿದೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಚೀನಾ ಅಂದರೆ ಕನ್ನಡದಲ್ಲಿ ಗಡಿ ತಂಟೆ, ಮೊಬೈಲ್, ಕೊರೊನಾ, ಇಷ್ಟೇ ಬರುತ್ತಿರುತ್ತದೆ. ಅಲ್ಲಿನ ಜನ ತಮ್ಮ ನದಿ, ಗಾಳಿ, ಕಾಡಿಗಾಗಿ ಹೇಗೆ ಒದ್ದಾಡುತ್ತಿದ್ದಾರೆ ಅಂತ ಬರೆಯುವವರು ಕಡಿಮೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ತಲೆಬರಹ ಬದಲಾಗಲಿ. ಡ್ರ್ಯಾಗನ್ ಸವೆದುಹೋಗಿದೆ. ಯೋಧರ ವಿಷಯದಲ್ಲಿ ನನ್ನ ತಕರಾರು ಇನ್ನೂ ದೊಡ್ಡದು. ನಿಮ್ಮ ಲೇಖನದ ತುಂಬ ಸಮರ, ರಣಕಹಳೆ, ಕೆಚ್ಚು. ಓದಿ ಮುಗಿಸಿದ ಮೇಲೆ, ಈ ಜನ ಬೆಳಿಗ್ಗೆ ಆಫೀಸಿಗೆ ಹೋಗಿ ಏನು ಮಾಡುತ್ತಾರೆ ಅಂತ ಕೇಳಿದರೆ ನನಗೆ ಗೊತ್ತಾಗಲಿಲ್ಲ. ಅವರು ಮಾಡೋದು ಬಹುಪಾಲು ಕಾಗದದ ಕೆಲಸ. ಮಾಹಿತಿ ಕೊಡಿ ಅಂತ ಅರ್ಜಿ ಹಾಕುವುದು, ಪರಿಸರ ಪರಿಣಾಮ ವರದಿಯನ್ನು ಸಾಲು ಸಾಲಾಗಿ ಓದಿ ತಪ್ಪು ಹುಡುಕುವುದು, ನೋಂದಣಿ ಉಳಿಸಿಕೊಳ್ಳುವುದು, ದುಡ್ಡು ಹೊಂದಿಸುವುದು, ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದು. ಕುತೂಹಲ ಇರುವುದೇ ಅಲ್ಲಿ.

ಏಳನೇ ಪುಟದಲ್ಲಿ ಒಂದು ಸಾಲಿದೆ: ‘ಚಾಂಗ್‌ಝೌ ಪ್ರಕರಣದಲ್ಲಿ ಸಂಘಟನೆಗಳಿಗೆ ತೀವ್ರ ಹಿನ್ನಡೆಯಾಯಿತು.’ ಮುಂದಿನ ಸಾಲಿಗೇ ಬೇರೆ ಊರಿಗೆ ಹೋಗಿಬಿಟ್ಟಿದ್ದೀರಿ. ನನ್ನ ಪ್ರಕಾರ ನಿಮ್ಮ ಇಡೀ ಲೇಖನ ಆ ಒಂದು ಸಾಲಿನ ಹಿಂದೆ ಅಡಗಿ ಕೂತಿದೆ.

ಏನಾಯಿತು ಅಲ್ಲಿ? ಜಿಯಾಂಗ್ಸು ಪ್ರಾಂತ್ಯದ ಚಾಂಗ್‌ಝೌ ನಗರದ ಒಂದು ಶಾಲೆ 2015ರಲ್ಲಿ ಹೊಸ ಕಟ್ಟಡಕ್ಕೆ ಬಂತು. ರಸ್ತೆಯ ಆಚೆ ಬದಿಗೆ ಮೊದಲು ಮೂರು ಕೆಮಿಕಲ್ ಫ್ಯಾಕ್ಟರಿಗಳಿದ್ದ ಜಾಗ. ಫ್ಯಾಕ್ಟರಿಗಳು ಹೋಗಿದ್ದವು, ವಿಷ ಮಣ್ಣಿನಲ್ಲೇ ಉಳಿದಿತ್ತು. ಆ ಮಣ್ಣನ್ನು ಸರಿಪಡಿಸುವ ಕೆಲಸ ಇನ್ನೂ ನಡೆಯುತ್ತಿರುವಾಗಲೇ ಮಕ್ಕಳು ಬಂದು ತರಗತಿಯಲ್ಲಿ ಕೂತರು. ಮೈಮೇಲೆ ಗುಳ್ಳೆ, ಮೂಗಿನಲ್ಲಿ ರಕ್ತ, ತಲೆನೋವು ಶುರುವಾಯಿತು. 2016ರ ಏಪ್ರಿಲ್‌ನಲ್ಲಿ ಚೀನಾದ ಸರ್ಕಾರಿ ಟಿವಿಯೇ ಇದನ್ನು ವರದಿ ಮಾಡಿತು. ತಪಾಸಣೆಗೆ ಹೋದ 641 ಮಕ್ಕಳಲ್ಲಿ 493 ಮಂದಿಗೆ ಏನಾದರೊಂದು ತೊಂದರೆ ಕಂಡಿತ್ತು ಅಂತ ಹೇಳಿತು. ಶಾಲೆ ಆ ವರದಿಯನ್ನು ಒಪ್ಪಲಿಲ್ಲ.

‘ಫ್ರೆಂಡ್ಸ್ ಆಫ್ ನೇಚರ್’ ಮತ್ತು ಇನ್ನೊಂದು ಸಂಘಟನೆ ಸೇರಿ ಮೂರು ಕಂಪನಿಗಳ ಮೇಲೆ ಕೇಸು ಹಾಕಿದವು. ಕೊಳೆ ಮಾಡಿದವರೇ ಶುಚಿ ಮಾಡುವ ಖರ್ಚು ಕೊಡಲಿ, ಕ್ಷಮೆ ಕೇಳಲಿ ಅನ್ನುವುದು ಬೇಡಿಕೆ. 2017ರ ಜನವರಿಯಲ್ಲಿ ಕೆಳಗಿನ ಕೋರ್ಟ್ ಕೇಸನ್ನು ವಜಾ ಮಾಡಿತು. ಸ್ಥಳೀಯ ಸರ್ಕಾರವೇ ಜಾಗವನ್ನು ಶುಚಿ ಮಾಡಿಸುತ್ತಿದೆ, ಹಾಗಾಗಿ ಕೇಸಿನ ಉದ್ದೇಶ ಈಡೇರಿದಂತೆಯೇ ಅನ್ನುವುದು ಅದರ ವಾದ. ಇಷ್ಟಾದರೆ ಅದು ನೀವು ಹೇಳುವ ಹಿನ್ನಡೆ. ಆದರೆ ಸೋತವರೇ ಕೋರ್ಟ್ ಫೀ ಕಟ್ಟಬೇಕು ಅಂತಲೂ ಹೇಳಿತು. ಆ ಫೀಯನ್ನು ಕೇಳಿದ್ದ ಮೊತ್ತದ ಮೇಲೆ ಲೆಕ್ಕ ಹಾಕಲಾಗಿತ್ತು. ಬಂದ ಬಿಲ್ 18.9 ಲಕ್ಷ ಯುವಾನ್. ಆಗಿನ ದರದಲ್ಲಿ ಒಂದೂಮುಕ್ಕಾಲು ಕೋಟಿ ರೂಪಾಯಿಗೂ ಜಾಸ್ತಿ. ಬಿಲ್ ಬಂದಿದ್ದು ಮಣ್ಣಿಗೆ ವಿಷ ಸುರಿದವರಿಗಲ್ಲ, ಕೇಳಲು ಹೋದವರಿಗೆ!

ಇಲ್ಲಿ ನಿಲ್ಲಬೇಕಿತ್ತು ನೀವು. ದೇಣಿಗೆಯಲ್ಲಿ ನಡೆಯುವ ಸಂಸ್ಥೆಗೆ ಇಂಥ ಬಿಲ್ ಬಂದರೆ ಗತಿಯೇನು? ಇದನ್ನು ಓದಿದ ಬೇರೆ ಊರಿನ ಸಣ್ಣ ಸಂಘಟನೆ ಮುಂದಿನ ಕೇಸು ಹಾಕುವ ಮುನ್ನ ಏನು ಯೋಚಿಸುತ್ತದೆ? ಚೀನಾದಲ್ಲಿ ಸಂಘಟನೆಗಳನ್ನು ಸುಮ್ಮನಾಗಿಸುವುದು ಅಂದ ಕೂಡಲೇ ನಮಗೆ ಪೊಲೀಸ್ ಜೀಪು ಕಾಣುತ್ತದೆ. ಒಂದು ಫೀ ರಸೀದಿಯೂ ಅದೇ ಕೆಲಸ ಮಾಡಬಲ್ಲದು.

ಕತೆ ಅಲ್ಲಿಗೆ ಮುಗಿಯಲೂ ಇಲ್ಲ. ಅವರು ಮೇಲ್ಮನವಿ ಹೋದರು. 2018ರ ಡಿಸೆಂಬರ್‌ನಲ್ಲಿ ಜಿಯಾಂಗ್ಸು ಹೈಕೋರ್ಟ್ ತೀರ್ಪನ್ನು ತಿರುಗಿಸಿತು. ಮೂರು ಕಂಪನಿಗಳು ಸಾರ್ವಜನಿಕವಾಗಿ ಕ್ಷಮೆ ಕೇಳಬೇಕು, ಎರಡೂ ಸಂಘಟನೆಗಳಿಗೆ ತಲಾ 2.3 ಲಕ್ಷ ಯುವಾನ್ ಖರ್ಚು ಕೊಡಬೇಕು ಅಂದಿತು. ಕೋರ್ಟ್ ಫೀ? 100 ಯುವಾನ್. ಆದರೆ ಮಣ್ಣು ಶುಚಿ ಮಾಡುವ ಖರ್ಚನ್ನು ಕಂಪನಿಗಳ ತಲೆಗೆ ಕಟ್ಟಲಿಲ್ಲ. ಸರ್ಕಾರ ಮಾಡಿಸುತ್ತಿದೆಯಲ್ಲ ಅನ್ನುವ ವಾದ ಅಲ್ಲೂ ನಿಂತಿತು. ಈಗ ಹೇಳಿ, ಇದು ಗೆಲುವೋ ಸೋಲೋ? ನೀವೇ ನಿರ್ಧರಿಸಿ ಓದುಗರ ಕೈಗೆ ಕೊಡಬೇಡಿ. 18.9 ಲಕ್ಷ, 100, ಕ್ಷಮೆ, ಖರ್ಚು ಇಲ್ಲ, ಈ ನಾಲ್ಕನ್ನೂ ಪಕ್ಕಪಕ್ಕ ಇಡಿ. ಓದುಗರು ದಡ್ಡರಲ್ಲ.

ಇದನ್ನು ಹೇಳುವ ಮೊದಲು ಕಾನೂನಿನ ಹಿನ್ನೆಲೆ ಒಂದು ಪ್ಯಾರಾ ಬೇಕಾಗುತ್ತದೆ. ನಮ್ಮಲ್ಲಿ ಪಿಐಎಲ್ ಅಂದರೆ ಯಾರು ಬೇಕಾದರೂ ಹಾಕಬಹುದು, ನ್ಯಾಯಾಧೀಶರಿಗೆ ಬರೆದ ಪತ್ರವೇ ಅರ್ಜಿಯಾಗಿದ್ದೂ ಇದೆ. ಕನ್ನಡದ ಓದುಗರು ಚೀನಾವನ್ನೂ ಹಾಗೇ ಊಹಿಸಿಕೊಳ್ಳುತ್ತಾರೆ. ಅಲ್ಲಿ ಹಾಗಿಲ್ಲ. 2014ರಲ್ಲಿ ತಿದ್ದುಪಡಿಯಾಗಿ 2015ರ ಜನವರಿ 1ರಂದು ಜಾರಿಗೆ ಬಂದ ಪರಿಸರ ಸಂರಕ್ಷಣಾ ಕಾನೂನಿನ 58ನೇ ಕಲಂ ಪ್ರಕಾರ, ನಗರ ಮಟ್ಟದಲ್ಲೋ ಅದಕ್ಕಿಂತ ಮೇಲೋ ನೋಂದಣಿಯಾದ, ಐದು ವರ್ಷ ಸತತವಾಗಿ ಪರಿಸರದ ಕೆಲಸ ಮಾಡಿದ, ಕಾನೂನು ಮುರಿದ ದಾಖಲೆ ಇಲ್ಲದ ಸಂಸ್ಥೆ ಮಾತ್ರ ಕೇಸು ಹಾಕಬಹುದು. ಒಬ್ಬ ವ್ಯಕ್ತಿ ಸಾರ್ವಜನಿಕ ಹಿತದ ಹೆಸರಲ್ಲಿ ಹೋಗುವಂತಿಲ್ಲ. 2017ರಿಂದ ಸರ್ಕಾರಿ ಪ್ರಾಸಿಕ್ಯೂಟರ್‌ಗಳಿಗೂ ಈ ಅಧಿಕಾರ ಬಂತು. ಈಗ ಇಂಥ ಕೇಸುಗಳಲ್ಲಿ ಹೆಚ್ಚಿನವು ಅವರದೇ.

ಇದೇ ಜಾಗದಲ್ಲಿ ಒಂದು ತಪ್ಪಿದೆ. ಫುಜಿಯಾನ್ ಪ್ರಾಂತ್ಯದ ನಾನ್‌ಪಿಂಗ್‌ನಲ್ಲಿ ಕಲ್ಲು ಗಣಿಗಾರಿಕೆಯವರ ಮೇಲೆ ಹಾಕಿದ್ದನ್ನು ‘ಚೀನಾದ ಮೊಟ್ಟಮೊದಲ ಪರಿಸರ ಮೊಕದ್ದಮೆ’ ಅಂದಿದ್ದೀರಿ. ಹೊಸ ಕಾನೂನು ಬಂದ ಮೇಲಿನ ಮೊದಲನೆಯದು ಅನ್ನಿ. ಕಾನೂನು ಜಾರಿಯಾದ ದಿನವೇ ಕೋರ್ಟ್ ಅದನ್ನು ದಾಖಲು ಮಾಡಿಕೊಂಡಿತು, ಅದೇ ವರ್ಷ ಸಂಘಟನೆಗಳು ಗೆದ್ದವು. ಅದಕ್ಕೂ ಮುಂಚೆ ಬೇರೆ ಕೇಸುಗಳು ನಡೆದಿದ್ದವು. ‘ಮೊಟ್ಟಮೊದಲ’ ಅಂತ ಬರೆಯಲು ಕೈ ಹೋದಾಗಲೆಲ್ಲ ಒಂದು ನಿಮಿಷ ತಡೆಯಿರಿ.

ಇನ್ನು ಹಸಿರು ನವಿಲು. ಮೊದಲು ಫೋಟೊ ವಿಷಯ: ನೀವು ಲಗತ್ತಿಸಿರುವುದು ನಮ್ಮ ನೀಲಿ ನವಿಲು! ಚೀನಾದ ಝೂಗಳಲ್ಲಿ ಕಾಣುವುದೂ ಹೆಚ್ಚಾಗಿ ಅದೇ, ಹಾಗಾಗಿ ಗೂಗಲ್‌ನಲ್ಲಿ ‘ಚೀನಾ ನವಿಲು’ ಅಂತ ಹುಡುಕಿದರೆ ಅದು ಬಂದಿರಬಹುದು. ಹಸಿರು ನವಿಲು ಬೇರೆ ಜಾತಿ. ಅದರ ಕತ್ತು ಹಸಿರು, ಎದೆಯ ಮೇಲೆ ಮೀನಿನ ಹುರುಪೆಯಂಥ ಗರಿ, ತುರಾಯಿ ಉದ್ದ. ಚೀನಾದ ಕಾಡಿನಲ್ಲಿ ಉಳಿದಿದ್ದು 500ಕ್ಕಿಂತ ಕಡಿಮೆ ಅಂತ ಆಗಿನ ಅಂದಾಜು, ಅದೂ ಯುನ್ನಾನ್ ಪ್ರಾಂತ್ಯದಲ್ಲಿ. ಅದರ ಕಣಿವೆಯೊಂದನ್ನು ಮುಳುಗಿಸುವ ಜಲವಿದ್ಯುತ್ ಯೋಜನೆಯ ವಿರುದ್ಧ ಫ್ರೆಂಡ್ಸ್ ಆಫ್ ನೇಚರ್ 2017ರಲ್ಲಿ ಕೋರ್ಟಿಗೆ ಹೋಯಿತು.

ಈ ಕೇಸಿನ ವಿಶೇಷ ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅನಿಸುತ್ತದೆ. ಹಾನಿ ಇನ್ನೂ ಆಗಿರಲಿಲ್ಲ. ಆಗುವ ಮುಂಚೆಯೇ ತಡೆಯಿರಿ ಅಂತ ಕೇಳಿದ್ದು. ಸಾಮಾನ್ಯವಾಗಿ ಕೋರ್ಟುಗಳು ಹಕ್ಕಿ ಸತ್ತ ಮೇಲೆ ಪರಿಹಾರದ ಲೆಕ್ಕ ಹಾಕುತ್ತವೆ, ಅಲ್ವಾ? 2020ರ ಮಾರ್ಚ್‌ನಲ್ಲಿ ಕುನ್‌ಮಿಂಗ್ ಕೋರ್ಟ್ ಈಗಿರುವ ಪರಿಸರ ವರದಿಯ ಆಧಾರದ ಮೇಲೆ ಕಾಮಗಾರಿ ನಡೆಸುವಂತಿಲ್ಲ, ನಿಲ್ಲಿಸಿ ಅಂದಿತು. ವರ್ಷದ ಕೊನೆಯ ದಿನ ಮೇಲಿನ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನೀವು ‘ಅಣೆಕಟ್ಟು ಶಾಶ್ವತವಾಗಿ ರದ್ದಾಯಿತು’ ಅಂತ ಬರೆದಿದ್ದೀರಿ. ಕೋರ್ಟ್ ಹಾಗೆ ಹೇಳಲಿಲ್ಲ. ಶಾಶ್ವತವಾಗಿ ನಿಲ್ಲಿಸಿ ಅಂತ ಸಂಘಟನೆ ಕೇಳಿತ್ತು, ಅದು ಸಿಗಲಿಲ್ಲ. ಹೊಸ ಪರಿಶೀಲನೆ ಮಾಡಿ, ಆಮೇಲೆ ಸಂಬಂಧಪಟ್ಟ ಇಲಾಖೆ ತೀರ್ಮಾನಿಸಲಿ ಅಂದಿತು, ಅಷ್ಟೇ. ನಿಮ್ಮ ವಾಕ್ಯ ಓದಲು ಚೆನ್ನಾಗಿದೆ, ಆದರೆ ಸುಳ್ಳು.

ಬೀಜಿಂಗ್ ಗಾಳಿಯ ಭಾಗದಲ್ಲೂ ಇದೇ ಆತುರ. 2013ರಲ್ಲಿ ಆ ನಗರದ ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಧೂಳಿನ ಕಣ, ವರ್ಷದ ಸರಾಸರಿ ಘನ ಮೀಟರಿಗೆ 89.5 ಮೈಕ್ರೋಗ್ರಾಂ ಇತ್ತು, 2021ಕ್ಕೆ 33ಕ್ಕೆ ಇಳಿಯಿತು. ಇದು ದೊಡ್ಡ ಸಂಗತಿಯೇ. ಆದರೆ ‘ಸಂಘಟನೆಗಳ ಒತ್ತಡದಿಂದ’ ಅಂತ ಒಂದೇ ಏಟಿಗೆ ಅವರ ಲೆಕ್ಕಕ್ಕೆ ಹಾಕಿಬಿಟ್ಟಿದ್ದೀರಿ. ಕಲ್ಲಿದ್ದಲು ಬಾಯ್ಲರ್ ಮುಚ್ಚಿಸಿದ್ದು, ಮನೆಗಳಿಗೆ ಗ್ಯಾಸ್ ಕೊಟ್ಟಿದ್ದು, ಫ್ಯಾಕ್ಟರಿ ಎತ್ತಂಗಡಿ ಮಾಡಿದ್ದು ಸರ್ಕಾರ. ಸಂಘಟನೆಗಳ ಪಾಲು ಸಣ್ಣದು, ಆದರೆ ತುಂಬ ನಿರ್ದಿಷ್ಟ. ಅದನ್ನು ಹೇಳಿ. ಪತ್ರಕರ್ತರಾಗಿದ್ದ ಮಾ ಜುನ್ 2006ರಲ್ಲಿ ಒಂದು ಸಂಸ್ಥೆ ಕಟ್ಟಿ ಮಾಲಿನ್ಯದ ನಕ್ಷೆ ಶುರು ಮಾಡಿದರು. ಅದರಲ್ಲಿದ್ದದ್ದು ಕದ್ದು ತಂದ ಗುಟ್ಟುಗಳಲ್ಲ. ಯಾವ ಫ್ಯಾಕ್ಟರಿ ನಿಯಮ ಮುರಿಯಿತು ಅಂತ ಸ್ಥಳೀಯ ಸರ್ಕಾರಿ ಕಚೇರಿಗಳೇ ಹೊರಡಿಸಿದ ಮಾಹಿತಿ. ಎಲ್ಲೆಲ್ಲೋ ಚದುರಿದ್ದನ್ನು ಒಂದು ಕಡೆ ತಂದು, ಯಾರು ಬೇಕಾದರೂ ಹುಡುಕುವಂತೆ ಮಾಡಿದರು. ಸರ್ಕಾರದ ಕಾಗದವನ್ನೇ ಹಿಡಿದು ಮಾತಾಡುವವರನ್ನು ಸುಳ್ಳುಗಾರ ಅನ್ನುವುದು ಕಷ್ಟ. ಆಮೇಲೆ ಆ ಫ್ಯಾಕ್ಟರಿಗಳಿಂದ ಮಾಲು ಕೊಳ್ಳುವ ದೊಡ್ಡ ಬ್ರ್ಯಾಂಡ್‌ಗಳಿಗೆ ಪತ್ರ ಬರೆದರು. ಆ್ಯಪಲ್ ಮೊದಲು ಸರಿಯಾಗಿ ಉತ್ತರಿಸಲಿಲ್ಲ. 2011ರಲ್ಲಿ ಎರಡು ವರದಿಗಳು ಹೊರಬಂದ ಮೇಲೆ ಮಾತುಕತೆಗೆ ಬಂತು. ದಂಡಕ್ಕೆ ಹೆದರದ ಫ್ಯಾಕ್ಟರಿಯವನು ಆರ್ಡರ್ ಕೈತಪ್ಪುತ್ತದೆ ಅಂದರೆ ಹೆದರುತ್ತಾನೆ. ಇಷ್ಟು ವಿವರಿಸಿದರೆ ‘ಒತ್ತಡ’ ಅನ್ನುವ ಪದವೇ ಬೇಕಾಗುವುದಿಲ್ಲ.

ಪ್ರಶಸ್ತಿಗಳ ಪ್ಯಾರಾ ಪೂರ್ತಿ ತೆಗೆಯಿರಿ. ಫ್ರೆಂಡ್ಸ್ ಆಫ್ ನೇಚರ್ ಕಟ್ಟಿದ ಲಿಯಾಂಗ್ ತ್ಸೊಂಗ್‌ಜ್ಯೆ ಅವರಿಗೆ 2000ದಲ್ಲಿ, ಮಾ ಜುನ್ ಅವರಿಗೆ 2009ರಲ್ಲಿ ಮ್ಯಾಗ್ಸೆಸೆ ಬಂತು ಅಂತ ಒಂದು ಸಾಲು ಸಾಕು. ಕೆ.ವಿ. ಸುಬ್ಬಣ್ಣನವರಿಗೆ ಬಂದ ಪ್ರಶಸ್ತಿ ಅಂತ ನಮ್ಮವರಿಗೆ ತಾನಾಗಿ ಹೊಳೆಯುತ್ತದೆ.

ಬೆಳ್ಳಂದೂರು ಕೆರೆಯ ನೊರೆಯನ್ನು ಯಾಕೆ ತಂದಿರಿ? ಚೀನಾದ ಬಗ್ಗೆ ಓದಲು ಬಂದವರನ್ನು ಒಂದು ಪುಟ ಬೆಂಗಳೂರಿನಲ್ಲೇ ಕೂರಿಸಿದ್ದೀರಿ. ಭಾರತದ ಜೊತೆ ನಿಜವಾದ ಕೊಂಡಿ ಬೇಕೆಂದರೆ ಲಿಯಾಂಗ್ ಅವರ ಕೆಲಸದಲ್ಲೇ ಇದೆ. ಟಿಬೆಟ್ ಪ್ರಸ್ಥಭೂಮಿಯ ಚಿರು ಅನ್ನುವ ಹುಲ್ಲೆಯನ್ನು ಉಣ್ಣೆಗಾಗಿ ಕೊಲ್ಲುತ್ತಿದ್ದರು. ಕುರಿಯ ಹಾಗೆ ಕತ್ತರಿಸಿಕೊಳ್ಳಲು ಅದು ಸಿಗುವುದಿಲ್ಲ, ಕೊಂದೇ ತೆಗೆಯಬೇಕು. ಆ ಉಣ್ಣೆ ಕಳ್ಳದಾರಿಯಲ್ಲಿ ಕಾಶ್ಮೀರಕ್ಕೆ ಬಂದು ಶಾಹ್ತೂಶ್ ಶಾಲಾಗಿ, ಯುರೋಪಿನ ಶ್ರೀಮಂತರ ಹೆಗಲೇರುತ್ತಿತ್ತು. ಬೇಟೆಗಾರರನ್ನು ತಡೆಯಲು ಹೋದ ಟಿಬೆಟನ್ ಅಧಿಕಾರಿ ಸೊನಮ್ ದರ್ಗ್ಯೆ 1994ರ ಜನವರಿಯಲ್ಲಿ ಅವರ ಗುಂಡಿಗೆ ಬಲಿಯಾದರು. 1998ರಲ್ಲಿ ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ ಬೀಜಿಂಗ್‌ಗೆ ಬಂದಾಗ, ನಿಮ್ಮಲ್ಲಿ ಈ ಶಾಲು ಮಾರಾಟ ನಿಲ್ಲಿಸಿ ಅಂತ ಲಿಯಾಂಗ್ ಪತ್ರ ಕೊಟ್ಟರು. ಕೊಲ್ಲುವುದು ಒಂದು ದೇಶದಲ್ಲಿ, ನೇಯುವುದು ನಮ್ಮಲ್ಲಿ, ಹೊದೆಯುವುದು ಇನ್ನೊಂದು ಕಡೆ. 2016ರಲ್ಲಿ ಚಿರುವನ್ನು ‘ಅಳಿವಿನಂಚಿನ’ ಪಟ್ಟಿಯಿಂದ ಕೆಳಗಿಳಿಸಿದರು, ಅಂದರೆ ಸ್ಥಿತಿ ಸುಧಾರಿಸಿತು. ಬೆಳ್ಳಂದೂರಿನ ಪುಟ ತೆಗೆದು ಇದನ್ನು ಹಾಕಿ.

ಮೊದಲ ಪುಟದಲ್ಲಿ ಇವರೆಲ್ಲ ವೀರರು, ಕೊನೆಯ ಪುಟದಲ್ಲಿ ದಿಢೀರನೆ ‘ಸರ್ಕಾರದ ಕೈಗೊಂಬೆಗಳು’. ಮಧ್ಯೆ ಏನಾಯಿತು ಅಂತ ನಿಮಗೂ ಗೊತ್ತಿಲ್ಲ ಅನಿಸುತ್ತದೆ. ಫ್ರೆಂಡ್ಸ್ ಆಫ್ ನೇಚರ್ 1994ರಲ್ಲಿ ನೋಂದಣಿಯಾಗಿದ್ದೇ ಒಂದು ಸಂಸ್ಕೃತಿ ಅಕಾಡೆಮಿಯ ಶಾಖೆಯಾಗಿ. ಯಾವುದಾದರೂ ಅಧಿಕೃತ ಸಂಸ್ಥೆ ಜವಾಬ್ದಾರಿ ಹೊರದೆ ನೋಂದಣಿ ಸಿಗುತ್ತಿರಲಿಲ್ಲ. ವಿದೇಶಿ ಸಂಸ್ಥೆಗಳನ್ನು 2017ರಲ್ಲಿ ನಿಷೇಧಿಸಿದರು ಅನ್ನುವುದೂ ಸರಿಯಲ್ಲ. ಅವು ಪೊಲೀಸ್ ಇಲಾಖೆಯ ಕೆಳಗೆ ನೋಂದಣಿ ಮಾಡಿಕೊಂಡು, ಒಂದು ಚೀನೀ ಸಂಸ್ಥೆಯ ಉಸ್ತುವಾರಿಯಲ್ಲಿ ನಡೆಯಬೇಕು. ಇಂಥ ಗೋಡೆಗಳ ನಡುವೆ ಎಷ್ಟು ಜಾಗ ಸಿಗುತ್ತದೋ ಅಷ್ಟರಲ್ಲಿ ಕೆಲಸ. ಆ ಜಾಗ ಯಾವಾಗ ಮುಚ್ಚಿಕೊಳ್ಳುತ್ತದೆ ಅಂತ ಹೇಳಲಾಗದು. ತೈಹು ಸರೋವರಕ್ಕೆ ಫ್ಯಾಕ್ಟರಿಗಳು ಕೊಳಕು ಬಿಡುವುದನ್ನು ವರ್ಷಗಟ್ಟಲೆ ಬಯಲಿಗೆಳೆದ ವು ಲಿಹಾಂಗ್ ಅವರಿಗೆ 2005ರಲ್ಲಿ ಬೀಜಿಂಗ್‌ನಲ್ಲಿ ಸನ್ಮಾನವಾಯಿತು. 2007ರ ಏಪ್ರಿಲ್‌ನಲ್ಲಿ ಬಂಧನ. ಮೇ ತಿಂಗಳಲ್ಲಿ ಅದೇ ಸರೋವರ ಪಾಚಿಗಟ್ಟಿ ವುಶಿ ನಗರದ ನಲ್ಲಿಗಳಲ್ಲಿ ನಾರುವ ನೀರು ಬಂತು. ಆಗಸ್ಟ್‌ನಲ್ಲಿ ಅವರಿಗೆ ಸುಲಿಗೆಯ ಆರೋಪದ ಮೇಲೆ ಮೂರು ವರ್ಷ ಜೈಲು. ಅವರು ಸಂಘಟನೆಯವರಲ್ಲ, ಒಂಟಿ ಮನುಷ್ಯ. ಆದರೂ ಚಾಂಗ್‌ಝೌ ಕತೆಯ ಜೊತೆ ಇದು ಇರಲೇಬೇಕು.

ಭಾಷೆಯ ಬಗ್ಗೆ ಒಂದೇ ಮಾತು. ‘ಜಾಗೃತಿ ಮೂಡಿಸುವಲ್ಲಿ ಮಹತ್ತರ ಪಾತ್ರ ವಹಿಸಿವೆ’ ಅನ್ನುವ ವಾಕ್ಯ ಪದೇಪದೇ ಬಂದಿದೆ. ಅದು ಪುಟ್ಟ ಬಲ್ಬಿಗೆ ಹಾಕಿದ ದೊಡ್ಡ ಶೇಡಿನ ಹಾಗೆ, ಇರುವ ಬೆಳಕನ್ನೂ ನುಂಗುತ್ತದೆ. ಅದರ ಬದಲು ಹೀಗೆ ಬರೆಯಿರಿ: 2004ರ ಬೇಸಿಗೆಯಲ್ಲಿ ಬೀಜಿಂಗ್‌ನ ಕೆಲವು ಸಂಘಟನೆಗಳು ಎಸಿಯನ್ನು 26 ಡಿಗ್ರಿಗಿಂತ ಕೆಳಗೆ ಇಡಬೇಡಿ ಅಂತ ಹೋಟೆಲ್, ಆಫೀಸುಗಳನ್ನು ಕೇಳಿಕೊಂಡವು. 2007ರಲ್ಲಿ ಕೇಂದ್ರ ಸರ್ಕಾರವೇ ಸಾರ್ವಜನಿಕ ಕಟ್ಟಡಗಳಿಗೆ ಅದೇ ಆದೇಶ ಹೊರಡಿಸಿತು.

ಚೀನೀ ಹೆಸರುಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಹಾಗಾಗಿ ‘ಜುನ್ ಹೇಳುತ್ತಾರೆ’ ಬೇಡ, ‘ಮಾ ಜುನ್’ ಅಂತ ಪೂರ್ತಿ ಬರೆಯಿರಿ.

ಹತ್ತು ಪುಟ ಬೇಡ, ನಾಲ್ಕು ಸಾಕು. ಚಾಂಗ್‌ಝೌ ಎರಡು ಪುಟ ತೆಗೆದುಕೊಳ್ಳಲಿ, ನವಿಲಿಗೆ ಒಂದು, ಮಿಕ್ಕಿದ್ದರಲ್ಲಿ ಚಿರು ಮತ್ತು ತೈಹು. ಮಾ ಜುನ್ ಅವರ ನಕ್ಷೆಯ ಬಗ್ಗೆ ಮೇಲೆ ಹೇಳಿದ್ದೆಲ್ಲ ಬೇರೆಯೇ ಲೇಖನವಾಗುತ್ತದೆ, ಅದಕ್ಕೆ ಇಟ್ಟುಕೊಳ್ಳಿ, ಇದರಲ್ಲಿ ತುರುಕಬೇಡಿ. ಮುಂದಿನ ತಿಂಗಳ ಹದಿನೈದರೊಳಗೆ ಕಳಿಸಿದರೆ ನಾನೇ ಓದುತ್ತೇನೆ. ಪಿಡಿಎಫ್ ಬೇಡ, ಯೂನಿಕೋಡ್‌ನಲ್ಲಿ ಕಳಿಸಿ.